ಬೆಳೆಯದ ಹೊಲಕ್ಕೆ ಸರ್ಕಾರದ ಬಾಡಿಗೆ ಏಕೆ?

ಪ್ರಶ್ನೆ: ಅಮೆರಿಕದ ಗ್ರಾಮೀಣ ಕೌಂಟಿಯೊಂದರ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ರೈತರಿಗೆ ಸಂರಕ್ಷಣೆಯ ಹೆಸರಿನಲ್ಲಿ ಸರ್ಕಾರ ನೀಡಿದ ಹಣದ ಪಟ್ಟಿಯನ್ನು ನೋಡಿದೆ. ಬೆಳೆ ಬೆಳೆಯದೆ ಇರುವುದಕ್ಕೂ ಹಣ ಕೊಡುತ್ತಾರೆಂಬುದು ನಿಜವೇ? ಅದರ ಬಹುಪಾಲು ಕೆಲವರಿಗೇ ಸೇರುವುದೇಕೆ?

ಉತ್ತರ: ನಿಜ. ಆದರೆ ಅದು ಸುಮ್ಮನೆ ಕುಳಿತವರಿಗೆ ಕೊಡುವ ಸಂಬಳವಲ್ಲ, ಒಪ್ಪಂದದ ಮೇಲೆ ಸಲ್ಲುವ ಬಾಡಿಗೆ. 1985ರ ಕೃಷಿ ಕಾಯ್ದೆಯ ಮೂಲಕ ಬಂದ ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ ಯೋಜನೆಯಲ್ಲಿ, ಮಣ್ಣು ಸುಲಭವಾಗಿ ಕೊಚ್ಚಿಹೋಗುವಂಥ ಹೊಲವನ್ನು 10ರಿಂದ 15 ವರ್ಷಗಳ ಕಾಲ ಬೇಸಾಯದಿಂದ ಬಿಡಿಸಿ, ಅಲ್ಲಿ ಹುಲ್ಲನ್ನೋ ಮರಗಳನ್ನೋ ಬೆಳೆಸಿ ಕಾಪಾಡುವುದಾಗಿ ರೈತ ಒಪ್ಪಿಕೊಳ್ಳುತ್ತಾನೆ. ಸರ್ಕಾರ ಪ್ರತಿವರ್ಷ ಬಾಡಿಗೆ ಕೊಡುವುದಲ್ಲದೆ, ಹುಲ್ಲು, ಗಿಡ ಬೆಳೆಸುವ ಖರ್ಚಿನಲ್ಲೂ ಒಂದು ಪಾಲನ್ನು ಭರಿಸುತ್ತದೆ. ಬಾಡಿಗೆಯ ದರ ಆಯಾ ಕೌಂಟಿಯಲ್ಲಿ ಹೊಲಗಳಿಗೆ ನಡೆಯುವ ಗೇಣಿಯನ್ನೂ ಮಣ್ಣಿನ ಗುಣವನ್ನೂ ಅವಲಂಬಿಸಿರುತ್ತದೆ. ನಡುವೆ ಒಪ್ಪಂದ ಮುರಿದವನು ಅಲ್ಲಿಯವರೆಗೆ ಪಡೆದ ಹಣವನ್ನು ಬಡ್ಡಿಸಮೇತ ಹಿಂದಿರುಗಿಸಬೇಕಾಗುತ್ತದೆ.

1970ರ ದಶಕದಲ್ಲಿ ಧಾನ್ಯದ ರಫ್ತು ಏರಿದಾಗ ಉಳದೆ ಬಿಡಬೇಕಿದ್ದ ಭೂಮಿಗೂ ನೇಗಿಲು ಹೂಡಲಾಯಿತು. ಮುಂದಿನ ದಶಕದಲ್ಲಿ ಬೆಲೆ ಕುಸಿದು ರೈತರು ಸಾಲದಲ್ಲಿ ಸಿಲುಕಿದರು. ಮಣ್ಣನ್ನು ಉಳಿಸುವುದರ ಜೊತೆಗೆ ಹೆಚ್ಚುವರಿ ಬೆಳೆಯನ್ನು ತಗ್ಗಿಸುವ ಉದ್ದೇಶವೂ ಯೋಜನೆಗೆ ಹುಟ್ಟಿನಿಂದಲೇ ಇತ್ತೆಂಬುದನ್ನು ಅದರ ಹೊಗಳಿಕೆಯ ನಡುವೆ ಮರೆಯಲಾಗುತ್ತದೆ.

ಹಣ ಕೆಲವರಿಗೇ ಸೇರುವ ಕಾರಣ ಸರಳವಾಗಿದೆ: ಬಾಡಿಗೆ ಎಕರೆಯ ಲೆಕ್ಕದಲ್ಲಿ ಸಲ್ಲುವುದರಿಂದ ಹೆಚ್ಚು ಭೂಮಿ ಸೇರಿಸಿದವರಿಗೆ ಹೆಚ್ಚು ದೊರೆಯುತ್ತದೆ. ಒಬ್ಬ ವ್ಯಕ್ತಿಗೆ ವರ್ಷಕ್ಕೆ 50,000 ಡಾಲರ್ ಎಂಬ ಮಿತಿ ಬಹುಕಾಲದಿಂದ ಇದ್ದರೂ, ಒಂದೇ ಹೊಲದಲ್ಲಿ ಪಾಲಿರುವ ಕುಟುಂಬದ ಸದಸ್ಯರು ಬೇರೆ ಬೇರೆ ವ್ಯಕ್ತಿಗಳಾಗಿ ಅರ್ಹರಾಗಬಹುದು. ಜೊತೆಗೆ ಭೂಮಿಯ ಒಡೆಯ ದೂರದ ನಗರದಲ್ಲೂ ಇರಬಹುದಾದ್ದರಿಂದ, ಕೌಂಟಿಯ ಹೆಸರಿನಲ್ಲಿ ಕಾಣುವ ಮೊತ್ತವೆಲ್ಲ ಆ ಕೌಂಟಿಯಲ್ಲೇ ಖರ್ಚಾಗುತ್ತದೆಂದು ಭಾವಿಸಬಾರದು. ಇಂಥ ಪಟ್ಟಿಗಳಲ್ಲಿ, ಉಳುಮೆ ಮಾಡುತ್ತಲೇ ಬದು, ಬೇಲಿ, ನೀರಾವರಿ ಮುಂತಾದವನ್ನು ಸುಧಾರಿಸಲು ನೀಡುವ ಬೇರೆ ಯೋಜನೆಗಳ ಹಣವೂ ಸೇರಿರಬಹುದು; ಯಾವುದು ಯಾವ ಯೋಜನೆಯದೆಂದು ನೋಡದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಪ್ರಶ್ನೆ: ಇಷ್ಟೊಂದು ಹೊಲ ಬೀಳುಬಿದ್ದರೆ ಅಲ್ಲಿನ ಊರುಗಳಿಗೆ ನಷ್ಟವಾಗುವುದಿಲ್ಲವೇ?

ಉತ್ತರ: ಆಗುತ್ತದೆ, ಮತ್ತು ಕಾನೂನು ಅದನ್ನು ಬಲ್ಲದು. ಉಳುಮೆ ನಿಂತರೆ ರೈತನಿಗೆ ಬಾಡಿಗೆ ಬರುತ್ತದೆ, ಆದರೆ ಬೀಜ, ಗೊಬ್ಬರ ಮಾರುವವನಿಗೆ, ಯಂತ್ರ ದುರಸ್ತಿಯವನಿಗೆ, ಧಾನ್ಯದ ಉಗ್ರಾಣಕ್ಕೆ ಏನೂ ಬರುವುದಿಲ್ಲ. ಆದ್ದರಿಂದಲೇ ಒಂದು ಕೌಂಟಿಯ ಕೃಷಿಭೂಮಿಯಲ್ಲಿ ಸಾಮಾನ್ಯವಾಗಿ ಶೇ. 25ಕ್ಕಿಂತ ಹೆಚ್ಚನ್ನು ಯೋಜನೆಗೆ ಸೇರಿಸುವಂತಿಲ್ಲ. ಗೇಣಿಗೆ ಉಳುವ, ಸ್ವಂತ ಭೂಮಿಯಿಲ್ಲದ ಯುವಕರಿಗೆ ಇದರ ಬಿಸಿ ಹೆಚ್ಚು ತಟ್ಟುತ್ತದೆಂದು ನನಗನ್ನಿಸುತ್ತದೆ, ಏಕೆಂದರೆ ಒಡೆಯನಿಗೆ ಗೇಣಿದಾರನಿಗಿಂತ ಸರ್ಕಾರವೇ ನೆಮ್ಮದಿಯ ಬಾಡಿಗೆದಾರ.

ಆದರೂ ಆ ನೆಮ್ಮದಿ ಧಾನ್ಯದ ಬೆಲೆ ಏರುವವರೆಗೆ ಮಾತ್ರ. 2007ರಲ್ಲಿ ಸುಮಾರು 3 ಕೋಟಿ 68 ಲಕ್ಷ ಎಕರೆ ಈ ಯೋಜನೆಯಲ್ಲಿತ್ತು. ಆ ನಂತರ ಮೆಕ್ಕೆಜೋಳ, ಸೋಯಾಬೀನ್ ಬೆಲೆ ಹೆಚ್ಚಿದಂತೆ ಅವಧಿ ಮುಗಿದ ಹೊಲಗಳನ್ನು ಅನೇಕರು ಮತ್ತೆ ಉತ್ತರು, ಮತ್ತು 2014ರ ಕೃಷಿ ಕಾಯ್ದೆ ಯೋಜನೆಯ ಗರಿಷ್ಠ ವಿಸ್ತಾರವನ್ನೇ 2.4 ಕೋಟಿ ಎಕರೆಗೆ ಇಳಿಸಿತು.