ಕಪ್‌ನಲ್ಲಿ ಬರುವ ನವಣೆ ಉಪ್ಪಿಟ್ಟು ರಾತ್ರಿ ಊಟ ಆಗುತ್ತದಾ?

ಪ್ರಶ್ನೆ: ನನಗೆ 29 ವರ್ಷ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸೆಕೆಂಡ್ ಶಿಫ್ಟ್ ಕೆಲಸ. ರೂಮಿಗೆ ಬರುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ. ಅಷ್ಟೊತ್ತಿಗೆ ಖಾನಾವಳಿ ಮುಚ್ಚಿರುತ್ತದೆ. ಡ್ಯೂಟಿಗೆ ಹೋಗುವಾಗಲೇ ಹತ್ತಿರದ ಸ್ಟೋರ್‌ನಿಂದ ನವಣೆ ಉಪ್ಪಿಟ್ಟಿನ ಕಪ್ ತಂದಿಡುತ್ತೇನೆ. ಬಿಸಿನೀರು ಹಾಕಿದರೆ ಆಯ್ತು. ‘ಆರೋಗ್ಯಕರ, ಪ್ರಿಸರ್ವೇಟಿವ್ ಇಲ್ಲ’ ಅಂತ ಬರೆದಿದೆ. ವಾರಕ್ಕೆ ನಾಲ್ಕೈದು ದಿನ ಅದೇ ಊಟ. ಆದರೆ ಮಲಗುವ ಮುಂಚೆ ಮತ್ತೆ ಹಸಿವಾಗುತ್ತದೆ. ತಂದೆಗೆ ಬಿಪಿ ಇದೆ. ಹೀಗೇ ಮುಂದುವರಿಸಬಹುದಾ?

ಉತ್ತರ (ಆಹಾರ ತಜ್ಞರಿಂದ): ವಾರಕ್ಕೆ ಒಂದೆರಡು ಸಲ ಆದರೆ ಅಡ್ಡಿಯಿಲ್ಲ. ನಾಲ್ಕೈದು ದಿನ ಬೇಡ. ಮುಖ್ಯ ಕಾರಣ ಉಪ್ಪು.

ನಿಮ್ಮ ಪತ್ರ ಓದಿ ನಾನೂ ವಿದ್ಯಾನಗರದ ಅಂಗಡಿಯಿಂದ ಅಂಥದೇ ಒಂದು ಕಪ್ ತಂದೆ. ಮುಂದೆ ದೊಡ್ಡದಾಗಿ ನವಣೆ ತೆನೆಯ ಚಿತ್ರ. ತಿರುಗಿಸಿದರೆ ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಇದ್ದದ್ದು ಗೋಧಿ ರವೆ. ಆಮೇಲೆ ನವಣೆ, ಅದರ ಹಿಂದೆಯೇ ಪಾಮ್ ಎಣ್ಣೆ. ನಿಯಮದ ಪ್ರಕಾರ ಯಾವುದರ ತೂಕ ಜಾಸ್ತಿಯೋ ಅದೇ ಪಟ್ಟಿಯಲ್ಲಿ ಮೊದಲು ಬರಬೇಕು. ಅಂದರೆ ನಾನು ತಂದದ್ದು ಒಂದಿಷ್ಟು ನವಣೆ ಸೇರಿಸಿದ ರವೆ ಉಪ್ಪಿಟ್ಟು. ನಿಮ್ಮ ಕಪ್ ಬೇರೆ ಕಂಪನಿಯದಿರಬಹುದು. ಅದರಲ್ಲಿ ನವಣೆಯೇ ಮೊದಲಿದ್ದರೆ ಒಳ್ಳೆಯದು, ನೋಡಿಕೊಳ್ಳಿ.

ಈಗ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಅಂಶ. ನನ್ನ ಕಪ್ಪಿನ ಮೇಲೆ 100 ಗ್ರಾಂಗೆ 1100 ಮಿಲಿಗ್ರಾಂ ಅಂತ ಇತ್ತು. ಒಳಗಿದ್ದ ಒಣ ಉಪ್ಪಿಟ್ಟು 70 ಗ್ರಾಂ. ಅಲ್ಲಿಗೆ ಒಂದು ಕಪ್ಪಿಗೆ 770 ಮಿಲಿಗ್ರಾಂ. ಇದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ, ಹತ್ತಿರ ಹತ್ತಿರ 2 ಗ್ರಾಂ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಅಂದರೆ ಸುಮಾರು ಒಂದು ಟೀ ಚಮಚ. ಅದರಲ್ಲಿ ಐದಕ್ಕೆ ಎರಡು ಪಾಲು ಆ ಸಣ್ಣ ಕಪ್ಪಿನಲ್ಲೇ ಮುಗಿಯಿತು. ಕ್ಯಾಂಟೀನ್ ಸಾರು, ಉಪ್ಪಿನಕಾಯಿ, ಸಂಜೆಯ ಮಿರ್ಚಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮನೆಯಲ್ಲಿ ಬಿಪಿ ಇರುವವರು ಇದನ್ನು ಹಗುರವಾಗಿ ತಗೊಳ್ಳಬಾರದು. ನಿಮಗೆ 29 ಅಷ್ಟೇ ಅಂತ ಬಿಡಬೇಡಿ, ಈ ತಿಂಗಳೇ ಒಮ್ಮೆ ಬಿಪಿ ನೋಡಿಸಿ.

ಇನ್ನೊಂದು ವಿಷಯ. ಕೆಲವು ಪ್ಯಾಕೆಟ್‌ಗಳಲ್ಲಿ ಅಂಕಿ 100 ಗ್ರಾಂಗೆ ಇರುತ್ತದೆ, ಕೆಲವದರಲ್ಲಿ ಒಂದು ಪ್ಯಾಕೆಟ್‌ಗೆ. ಹೋಲಿಸುವಾಗ ಅದನ್ನು ಮೊದಲು ನೋಡಿ.

‘ಪ್ರಿಸರ್ವೇಟಿವ್ ಇಲ್ಲ’ ಅನ್ನುವುದು ಸುಳ್ಳಲ್ಲ. ನೀರಿನ ಅಂಶ ತೆಗೆದು ಒಣಗಿಸಿದರೆ ಸೂಕ್ಷ್ಮಜೀವಿ ಬೆಳೆಯುವುದಿಲ್ಲ. ಪೌಚ್‌ನಲ್ಲಿ ಬರುವ ರಾಜ್ಮಾ, ಖಿಚಡಿಗಳನ್ನು ಸುಮಾರು 121 ಡಿಗ್ರಿಯಲ್ಲಿ, ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿರುತ್ತಾರೆ. ಹಾಗಾಗಿ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಇರುತ್ತವೆ. ಆದರೆ ಆ ಮಾತಿಗೂ ಉಪ್ಪಿಗೂ ಸಂಬಂಧವಿಲ್ಲ. ಪೌಚ್ ಉಬ್ಬಿದ್ದರೆ ಮಾತ್ರ ತೆರೆಯದೇ ಎಸೆಯಿರಿ.

ಹಸಿವಿನ ಗುಟ್ಟು ಪ್ರೋಟೀನ್‌ನಲ್ಲಿದೆ. ನನ್ನ ಕಪ್ಪಿನಲ್ಲಿ ಇದ್ದದ್ದು ಬರೀ 7 ಗ್ರಾಂ. 65 ಕೆಜಿ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ. ಜತೆಗೆ, ಮೊದಲೇ ಬೇಯಿಸಿ ಒಣಗಿಸಿದ ರವೆ ಬೇಗ ಜೀರ್ಣವಾಗುತ್ತದೆ. ಕಪ್ ತಿನ್ನುವ ದಿನ ಒಂದು ಹಿಡಿ ಹುರಿದ ಶೇಂಗಾ ಜತೆಗಿರಲಿ. 30 ಗ್ರಾಂ ಶೇಂಗಾದಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇರುತ್ತದೆ. ಖಾರಾ ಶೇಂಗಾ ಬೇಡ, ಅಲ್ಲಿ ಮತ್ತೆ ಉಪ್ಪು. ಮೊಟ್ಟೆ ತಿನ್ನುವವರಾದರೆ ಬೇಯಿಸಿದ್ದು ಒಂದು ಸಾಕು, ಅದರಲ್ಲೂ 6 ಗ್ರಾಂ. ಒಂದು ಸೌತೆಕಾಯಿ ಕಚ್ಚಿಕೊಂಡು ತಿನ್ನಿ. ಮಸಾಲೆ ಬೇರೆ ಪುಡಿಕೆಯಲ್ಲಿ ಬಂದಿದ್ದರೆ ಅರ್ಧ ಮಾತ್ರ ಹಾಕಿ.

ಉಳಿದ ದಿನಗಳಿಗೆ? ನೀವು ಇರುವುದು ಹುಬ್ಬಳ್ಳಿಯಲ್ಲಿ, ಖಡಕ್ ರೊಟ್ಟಿ ಸಿಗುವ ಊರಿನಲ್ಲಿ! ಇದನ್ನು ನಾನು ಅಭಿಮಾನದಿಂದ ಅಷ್ಟೇ ಹೇಳುತ್ತಿಲ್ಲ. ಜೋಳದ ಹಿಟ್ಟು, ಬಿಸಿನೀರು, ಬಡಿಯುವ ಕೈ, ಹಂಚಿನ ಬಿಸಿ. ಬಹಳ ಮನೆಗಳಲ್ಲಿ ಹಿಟ್ಟಿಗೆ ಉಪ್ಪನ್ನೂ ಹಾಕುವುದಿಲ್ಲ. ತೇವ ತಾಗದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಬಡಿದು ಮಾರುವ ಹೆಣ್ಣುಮಕ್ಕಳ ಹತ್ತಿರ ಹತ್ತೋ ಇಪ್ಪತ್ತೋ ಒಟ್ಟಿಗೆ ತಗೊಳ್ಳಿ. ಶೇಂಗಾ ಹಿಂಡಿ, ಅಗಸಿ ಹಿಂಡಿಯನ್ನೂ (ಚಟ್ನಿಪುಡಿ) ಅವರಲ್ಲೇ ಕೇಳಿ. ಹಿಂಡಿಯಲ್ಲಿ ಉಪ್ಪು ಇದ್ದೇ ಇರುತ್ತದೆ, ಒಂದು ಚಮಚಕ್ಕೆ ನಿಲ್ಲಿಸಿ. ಸಂಜೆ ಕ್ಯಾಂಟೀನ್‌ನಲ್ಲಿ ಹೆಸರುಕಾಳು ಅಥವಾ ಮಡಕಿಕಾಳು ಪಲ್ಯ ಇದ್ದರೆ ಸ್ವಲ್ಪ ಡಬ್ಬಿಗೆ ಹಾಕಿಸಿಕೊಳ್ಳಿ. ಬೇಸಿಗೆಯಲ್ಲಿ ಮಾತ್ರ ಬೇಡ, ರಾತ್ರಿವರೆಗೆ ಹಳಸಿರುತ್ತದೆ.

ಹನ್ನೊಂದೂವರೆಗೆ ಖಡಕ್ ರೊಟ್ಟಿ ಅಗಿಯುವ ತ್ರಾಣ ಇಲ್ಲ ಅಂತೀರಾ? ಬಂದ ಕೂಡಲೇ ರೊಟ್ಟಿ ಮುರಿದು ಬಟ್ಟಲಿಗೆ ಹಾಕಿ, ಮೊಸರು ಸುರಿದು, ಉಳ್ಳಾಗಡ್ಡಿ ಹೆಚ್ಚಿ ಮೇಲೆ ಹಾಕಿ. ಕೈಕಾಲು ಮುಖ ತೊಳೆದು ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ.