ಟ್ಯಾಂಕ್ ತುಂಬಿದ್ರೆ ಸರಿ, ಕಾಲು ಭಾಗಕ್ಕೆ ಇಳಿದ್ರೆ ಮಿಸ್ಸಿಂಗ್: ಹಳೇ 407ರ ಕಾಯಿಲೆ ಎಲ್ಲಿದೆ?

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. 1999ರ ಟಾಟಾ 407 ಮಿನಿ ಲಾರಿ ಇದೆ, ಅಪ್ಪ ತೊಗೊಂಡಿದ್ದು. ತೋಟದ ಕಾಫಿ ಮೂಟೆ ಚಿಕ್ಕಮಗಳೂರಿನ ಕ್ಯೂರಿಂಗ್‌ಗೆ ಹಾಕಿ, ಬರುವಾಗ ಗೊಬ್ಬರ ತುಂಬಿಕೊಂಡು ಬರುತ್ತೇವೆ. ನಾಲ್ಕು ತಿಂಗಳಿಂದ ಸ್ಲೋ ಸ್ಪೀಡಿನಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಇಂಜಿನ್ ಓಡುವಾಗ, ಮಿಸ್ಸಿಂಗ್ ಹೊಡೆಯುತ್ತಿದೆ, ನಡುನಡುವೆ ಇಂಜಿನ್ ಏಟು ತಪ್ಪುತ್ತೆ. ದಿನಾ ಅಲ್ಲ. ಒಮ್ಮೊಮ್ಮೆ ವಾರವಿಡೀ ಏನೂ ಇರಲ್ಲ, ಆಮೇಲೆ ಒಂದು ಬೆಳಿಗ್ಗೆ ಕ್ಯಾಬಿನ್ ಪೂರ್ತಿ ಗಡಗಡ, ಸ್ವಲ್ಪ ಬಿಳಿ ಹೊಗೆ. ಗಾಡಿ ಓಡುವಾಗ ತೊಂದರೆ ಇಲ್ಲ. ಡೀಸೆಲ್ ಫಿಲ್ಟರ್ ಹೊಸದು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ನಾಲ್ಕೂ ಸರ್ವಿಸ್ ಆಗಿದೆ. ಡ್ರೈವರ್ ಡೀಸೆಲ್ ಲೈನಿನ ಏರ್ ತೆಗೆದರೆ ಅರ್ಧ ದಿನ ಚೆನ್ನಾಗಿರುತ್ತೆ. ಟ್ಯಾಂಕ್ ಫುಲ್ ಮಾಡಿಸಿದ ವಾರ ಕಾಟ ಕಮ್ಮಿ ಅಂತಾನೆ ಅವನು, ನನಗೆ ನಂಬಿಕೆ ಇಲ್ಲ. ಈಗ ಮೆಕ್ಯಾನಿಕ್, ನಾಜಲಿಗೆ ಡೀಸೆಲ್ ಒತ್ತಿ ಕಳಿಸುವ ಪಂಪು ಬಿಚ್ಚಬೇಕು ಅಂತಿದ್ದಾರೆ. ಬಿಚ್ಚಿಸಲಾ?

ಉತ್ತರ: ಬಿಚ್ಚಿಸಬೇಡಿ. ಮೊದಲು ಡ್ರೈವರನ್ನ ನಂಬಿ, ಇಡೀ ಪತ್ರದಲ್ಲಿ ತೂಕದ ಮಾತು ಅವನದೇ.

ಸವೆದ ಪಂಪಿಗೆ ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇದೆ ಅಂತ ಗೊತ್ತಾಗುತ್ತಾ? ಇಲ್ಲ. ಟ್ಯಾಂಕ್ ತುಂಬಿದರೂ ಅದು ಸವೆದೇ ಇರುತ್ತೆ. ಏರ್ ತೆಗೆದ ತಕ್ಷಣ ಅರ್ಧ ದಿನ ಹುಷಾರಾಗುವುದೂ ಇಲ್ಲ. ಈ ಎರಡು ಲಕ್ಷಣ ಒಟ್ಟಿಗೆ ಇದ್ದರೆ ನಾನು ನೋಡುವ ಮೊದಲ ಜಾಗ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪು) ಲೈನು. ಎಲ್ಲೋ ಗಾಳಿ ಎಳೆಯುತ್ತಿದೆ.

ಇಲ್ಲಿ ಎಲ್ಲರೂ ಮೋಸ ಹೋಗುವುದು ಒಂದೇ ವಿಷಯಕ್ಕೆ. "ಎಲ್ಲೂ ಲೀಕೇಜ್ ಇಲ್ಲ ಸರ್, ಒಂದು ಹನಿ ಡೀಸೆಲ್ ಬೀಳ್ತಿಲ್ಲ" ಅಂತಾರೆ. ಬೀಳೋದೇ ಇಲ್ಲ! ಆ ಲೈನಿನಲ್ಲಿ ಫೀಡ್ ಪಂಪು ಡೀಸೆಲನ್ನು ಎಳೆಯುತ್ತೆ, ತಳ್ಳೋದಿಲ್ಲ. ಸ್ಟ್ರಾ ತೂತಾದರೆ ಎಳನೀರು ಹೊರಗೆ ಚೆಲ್ಲುತ್ತಾ? ಬಾಯಿಗೆ ಗಾಳಿ ಬರುತ್ತೆ ಅಷ್ಟೇ. ಟ್ಯಾಂಕ್ ತುಂಬಿದ್ದಾಗ ಎಳೆಯುವ ಎತ್ತರ ಕಮ್ಮಿ, ಗಾಳಿಯೂ ಕಮ್ಮಿ. ಕಾಲು ಭಾಗಕ್ಕೆ ಇಳಿದಾಗ ಜಾಸ್ತಿ ಜಗ್ಗಬೇಕು, ಬಿರುಕಿನಿಂದ ಗಾಳಿ ನುಗ್ಗುತ್ತೆ. ಜೊತೆಗೆ ನಿಮ್ಮ ಕಡೆ ಸಮತಟ್ಟು ಜಾಗ ಎಲ್ಲಿದೆ? ರಾತ್ರಿ ಗಾಡಿಯನ್ನು ಮೂತಿ ಮೇಲಾಗಿ ನಿಲ್ಲಿಸಿದರೆ ಲೈನಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್ ಇಳಿಯುತ್ತೆ. ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊಡೆಯಬೇಕು, ಆಮೇಲೆ ಮಿಸ್ಸಿಂಗ್. ಎರಡು ದಿನ ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿ ನೋಡಿ. ಖರ್ಚಿಲ್ಲದ ಪರೀಕ್ಷೆ.

ಓಡುವಾಗ ಯಾಕೆ ಗೊತ್ತಾಗಲ್ಲ ಅಂತ ಕೇಳಬಹುದು. ಇಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಅಂತಿಟ್ಟುಕೊಳ್ಳಿ, ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 5 ಸಲ ಡೀಸೆಲ್ ಹೋಗಬೇಕು. ಒಂದು ಸಲಕ್ಕೆ ಹೋಗುವುದು ಒಂದು ಹನಿಗಿಂತಲೂ ಕಮ್ಮಿ. ಇಷ್ಟರ ಮಧ್ಯೆ ಒಂದು ಗಾಳಿಗುಳ್ಳೆ ಬಂದರೆ ಪಂಪು ಒತ್ತಿದ್ದೆಲ್ಲಾ ಆ ಗಾಳಿಯನ್ನು ಕುಗ್ಗಿಸೋದಕ್ಕೇ ಖರ್ಚು. ನಾಜಲ್ ತೆರೆಯೋದಕ್ಕೆ 200 ಬಾರ್ ಆಸುಪಾಸು ಒತ್ತಡ ಬೇಕು, ಅಷ್ಟು ಏರುವುದೇ ಇಲ್ಲ. ಆ ಸಿಲಿಂಡರ್ ಆ ಸಲ ಸುಮ್ನೆ ಕೂರುತ್ತೆ, ಇಲ್ಲಾ ಅರೆಬರೆ ಉರಿದು ಬಿಳಿ ಹೊಗೆ ಬಿಡುತ್ತೆ. ಆಕ್ಸಿಲರೇಟರ್ ಒತ್ತಿದಾಗ ಡೀಸೆಲ್ ಪ್ರಮಾಣ ಜಾಸ್ತಿ, ಇಂಜಿನ್ನಿಗೂ ಓಘ ಇರುತ್ತೆ, ಒಂದು ಏಟು ತಪ್ಪಿದ್ದು ಕ್ಯಾಬಿನ್ನಿಗೆ ಗೊತ್ತೇ ಆಗಲ್ಲ.

ಹುಡುಕೋದು ಹೇಗೆ? ಐದು ಲೀಟರಿನ ಸ್ವಚ್ಛ ಕ್ಯಾನಿನಲ್ಲಿ ಸೋಸಿದ ಡೀಸೆಲ್ ಹಾಕಿ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನ ಹತ್ತಿರ ಬಿಚ್ಚಿ, ಆ ಜಾಗಕ್ಕೆ ಡೀಸೆಲ್ ತಡೆಯುವ ಪಾರದರ್ಶಕ ಹೋಸ್ ಕೂರಿಸಿ, ಇನ್ನೊಂದು ತುದಿ ಕ್ಯಾನಿನೊಳಗೆ ಇಳಿಬಿಡಿ. ಕ್ಯಾನನ್ನು ನೆಲದ ಮೇಲೇ ಇಡಿ. ಎತ್ತರದಲ್ಲಿ ಇಟ್ಟರೆ ಡೀಸೆಲ್ ತಾನಾಗಿ ಇಳಿದು ಬಂದುಬಿಡುತ್ತೆ, ಆಗ ಕಾಯಿಲೆ ಮುಚ್ಚಿಹೋಗುತ್ತೆ. ಈ ತಪ್ಪನ್ನು ತುಂಬಾ ಜನ ಮಾಡ್ತಾರೆ. ಏರ್ ತೆಗೆದು, ಸ್ಟಾರ್ಟ್ ಮಾಡಿ, ಒಂದು ಗಂಟೆ ಸ್ಲೋ ಸ್ಪೀಡಿನಲ್ಲೇ ಬಿಡಿ, ಡೀಸೆಲ್ ಕಮ್ಮಿಯಾದರೆ ಕ್ಯಾನಿಗೆ ಸುರಿಯುತ್ತಿರಿ, ಯಾಕಂದ್ರೆ ಮಿಕ್ಕ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೇ ಹೋಗ್ತಿರುತ್ತೆ. ಬೇಕಾದ್ರೆ ಕಾಫಿ ಕುಡಿದು ಬನ್ನಿ, ಆದರೆ ಒಬ್ಬರು ಗಾಡಿ ಹತ್ತಿರ ಇರಲಿ. ಮಾರನೇ ಬೆಳಿಗ್ಗೆ ತಣ್ಣಗಿನ ಇಂಜಿನ್ ಮೇಲೆ ಇನ್ನೊಮ್ಮೆ ನೋಡಿ.

ಮಿಸ್ಸಿಂಗ್ ಪೂರ್ತಿ ನಿಂತರೆ ತಪ್ಪು ಟ್ಯಾಂಕಿನ ಕಡೆ ಇದೆ, ಪಂಪಿನ ದುಡ್ಡು ಉಳಿಯಿತು. ನಿಲ್ಲದಿದ್ದರೆ ಫೀಡ್ ಪಂಪಿನ ಜಾಲರಿ, ಅದರ ವಾಷರ್, ಕೈಪಂಪಿನ ಸೀಲ್ ನೋಡಬೇಕು. ತಾಮ್ರದ ವಾಷರ್ ಹಳೆಯದನ್ನೇ ತಿರುಗಿಸಿ ಹಾಕಬೇಡಿ. ಹೊಸದಕ್ಕೆ ಎಷ್ಟು ಮಹಾ ದುಡ್ಡು?

ಒಂದು ಗಾಡಿ ನನ್ನ ಎರಡು ದಿನ ತಿಂದಿತ್ತು. ಫಿಲ್ಟರ್ ಬದಲಿಸಿದೆ, ಪೈಪ್ ಕೂರಿಸುವ ಬ್ಯಾಂಜೋ ಬೋಲ್ಟಿನ ವಾಷರ್ ಎಲ್ಲಾ ಹೊಸದು, ಕ್ಲಿಪ್ ಬಿಗಿ ಮಾಡಿದೆ, ಏನೂ ಆಗಲಿಲ್ಲ. ಕೊನೆಗೆ ರಬ್ಬರ್ ಹೋಸ್ ಕಬ್ಬಿಣದ ಪೈಪಿನ ಮೇಲೆ ಹತ್ತುವ ಜಾಗದಲ್ಲಿ, ಕ್ಲಿಪ್ಪಿನ ಅಡಿಯಲ್ಲೇ, ಉಗುರಿನಷ್ಟು ಸೀಳು. ಕೈಯಲ್ಲಿ ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಇಂಜಿನ್ ಅಲ್ಲಾಡಿದಾಗ ತೆರೆದುಕೊಳ್ಳೋದು, ನಿಂತಾಗ ಮುಚ್ಚಿಕೊಳ್ಳೋದು. ಇದಕ್ಕೇ ಕಾಯಿಲೆ ಬಂದು ಹೋಗಿ ಮಾಡ್ತಿತ್ತು. ನಿಮ್ಮ ಗಾಡಿಯಲ್ಲೂ ಹೋಸನ್ನು ನೋಡಿದರೆ ಸಾಲದು, ಬಗ್ಗಿಸಿ ನೋಡಿ. ಇಪ್ಪತ್ತೈದು ವರ್ಷದ ರಬ್ಬರ್ ಆಗಿದ್ದರೆ ನೋಡದೆಯೇ ಬದಲಿಸಿ. ಚಾಸಿಗೆ ಉಜ್ಜುವ ಕಡೆ ಪೈಪನ್ನೂ ಕೈಯಾಡಿಸಿ ಪರೀಕ್ಷಿಸಿ.

ಟ್ಯಾಂಕಿನ ಮುಚ್ಚಳವನ್ನೂ ಮರೆಯಬೇಡಿ. ಅದರಲ್ಲಿ ಗಾಳಿ ಒಳಗೆ ಹೋಗಲು ಸಣ್ಣ ತೂತು ಇರುತ್ತೆ. ಕೆಸರು, ತೌಡಿನಂಥ ಧೂಳು ಕೂತು ಅದು ಕಟ್ಟಿಕೊಂಡರೆ ಟ್ಯಾಂಕ್ ಒಳಗೆ ನಿರ್ವಾತ ಆಗಿ ಡೀಸೆಲ್ ಬರೋದಕ್ಕೇ ಒದ್ದಾಡುತ್ತೆ. ಮಿಸ್ಸಿಂಗ್ ಶುರುವಾದಾಗ ಮುಚ್ಚಳ ತಿರುಗಿಸಿ, "ಉಸ್" ಅಂತ ಗಾಳಿ ಒಳಗೆ ಎಳೆದರೆ ಕಳ್ಳ ಸಿಕ್ಕ ಹಾಗೆ. ಮಳೆಗಾಲ ಮುಗಿದ ಮೇಲೆ ಟ್ಯಾಂಕಿನ ತಳದ ಡ್ರೈನ್ ಬಿಚ್ಚಿ ನೀರು, ಲೋಳೆ ಇದೆಯಾ ನೋಡಿ. ಕಾಲು ಟ್ಯಾಂಕ್ ಡೀಸೆಲ್ಲಿನಲ್ಲೇ ದಿನಗಟ್ಟಲೆ ನಿಲ್ಲಿಸಿದ ಗಾಡಿಗಳಲ್ಲಿ ಮಲೆನಾಡಿನ ತೇವಕ್ಕೆ ಇದು ಸಾಮಾನ್ಯ.

ಇಷ್ಟೆಲ್ಲಾ ಆದಮೇಲೂ ಮಿಸ್ಸಿಂಗ್ ಇದ್ದರೆ ಯಾವ ಸಿಲಿಂಡರ್ ಅಂತ ಹಿಡಿಯಬೇಕು. ಇಂಜಿನ್ ಓಡುತ್ತಿರುವಾಗ ನಾಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸಿ. ಒಳ್ಳೆ ಸಿಲಿಂಡರಿನ ನಟ್ ಸಡಿಲಿಸಿದರೆ ಸದ್ದು ಕುಸಿಯುತ್ತೆ. ಯಾವುದನ್ನು ಸಡಿಲಿಸಿದರೂ ವ್ಯತ್ಯಾಸ ಇಲ್ಲವೋ ಅದೇ ಕೆಲಸ ಮಾಡದ್ದು. ಇದನ್ನು ಮೆಕ್ಯಾನಿಕ್ಕೇ ಮಾಡಲಿ, ಕನ್ನಡಕ ಹಾಕಿಕೊಂಡು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಕೇಸು ಅದು.

ಪಂಪಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡಿತು, ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ "ಮೈಕೋ ಪಂಪು". ಈ ಪಂಪುಗಳು ಶುದ್ಧ ಡೀಸೆಲ್ ಸಿಕ್ಕರೆ ಬಹಳ ವರ್ಷ ದುಡಿಯುತ್ತವೆ. ಬಿಚ್ಚಿದರೆ ಟೆಸ್ಟ್ ಬೆಂಚಿನ ಮೇಲೆ ಕೂರಿಸಿ ನಾಲ್ಕೂ ಸಿಲಿಂಡರಿನ ಪ್ರಮಾಣ ಸರಿಹೊಂದಿಸಲೇಬೇಕು. ಬೆಂಚ್ ಇಲ್ಲದ ಕಡೆ ಸ್ಪಾನರ್ ಹಾಕೋದಕ್ಕೆ ಬಿಟ್ಟರೆ ಇಲ್ಲದ ಕಾಯಿಲೆ ಹೊಸದಾಗಿ ಬರುತ್ತೆ.

ಪ್ರಶ್ನೆ: ಚನ್ನರಾಯಪಟ್ಟಣದಿಂದ. ನಮ್ಮ ಹಳೇ ಲಾರಿಯ ಇಂಜಿನ್ ಬೆಳಿಗ್ಗೆ ಸ್ಲೋ ಸ್ಪೀಡಿನಲ್ಲಿ ಗಡಿಯಾರದ ಹಾಗೆ ಓಡುತ್ತೆ. ಹಾಸನ ಮುಟ್ಟಿ ಬಿಸಿಯಾದ ಮೇಲೆ ಸ್ಲೋ ಸ್ಪೀಡಿನಲ್ಲಿ ನಡುಗುತ್ತೆ, ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗೋದು ಕಷ್ಟ. ಸ್ಲೋ ಸ್ಪೀಡ್ ಹೆಚ್ಚುಕಮ್ಮಿ ಮಾಡುವ ಐಡ್ಲಿಂಗ್ ಸ್ಕ್ರೂ ಏರಿಸಿದ್ದೇವೆ. ಸರಿ ತಾನೇ?

ಉತ್ತರ: ಸರಿ ಅಲ್ಲ, ಜ್ವರಕ್ಕೆ ಕಂಬಳಿ ಹೊದ್ದ ಹಾಗೆ. ಸ್ಕ್ರೂ ಮೊದಲಿದ್ದ ಜಾಗಕ್ಕೆ ಇಳಿಸಿ, ಇಲ್ಲಾಂದ್ರೆ ನಡುಕ ಎಷ್ಟಿದೆ ಅಂತಲೇ ತಿಳಿಯಲ್ಲ.

ನಿಮ್ಮದು ಮೇಲಿನವರ ಕಾಯಿಲೆಗೆ ಉಲ್ಟಾ. ಬಿಸಿಯಾದಾಗ ಡೀಸೆಲ್ ತೆಳುವಾಗುತ್ತೆ. ಪಂಪಿನೊಳಗೆ ಡೀಸೆಲ್ ಒತ್ತುವ ಎಲಿಮೆಂಟ್ ಸವೆದಿದ್ದರೆ ಆ ತೆಳು ಡೀಸೆಲ್ ಸಂದಿನಲ್ಲಿ ಜಾರಿಹೋಗಿ ನಾಜಲಿಗೆ ತಲುಪೋದೇ ಕಮ್ಮಿ. ಅದಕ್ಕೇ ಬಿಸಿಯಲ್ಲಿ ಸ್ಟಾರ್ಟಿಂಗ್ ಟ್ರಬಲ್. ಇನ್ನೊಮ್ಮೆ ಹಾಗಾದಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ನಿಧಾನಕ್ಕೆ ನೀರು ಸುರಿದು ತಣ್ಣಗೆ ಮಾಡಿ. ಒಂದೇ ಸಲಕ್ಕೆ ಚೊಂಬುಗಟ್ಟಲೆ ತಣ್ಣೀರು ಹುಯ್ಯಬೇಡಿ. ಇಂಜಿನ್ ಇನ್ನೂ ಬಿಸಿ ಇರುವಾಗಲೇ ಗಾಡಿ ಸಲೀಸಾಗಿ ಸ್ಟಾರ್ಟ್ ಆದರೆ ನಿಮ್ಮ ಪಂಪನ್ನು ಬೆಂಚಿಗೆ ಕಳಿಸೋ ಕಾಲ ಬಂದಿದೆ. ಕಳಿಸುವಾಗ ನಾಲ್ಕು ನಾಜಲನ್ನೂ ಜೊತೆಗೇ ಕೊಡಿ, ಆರು ಸಿಲಿಂಡರ್ ಗಾಡಿಯಾದರೆ ಆರನ್ನೂ.