ಪ್ರಶ್ನೋತ್ತರ: ಫಾಂಟಿನೊಳಗೆ ಅಡಗಿ ಕುಳಿತ ಅಕ್ಷರಗಳು

ಪ್ರಶ್ನೆ: ಶಾಲೆಯ ಅಭಿನಂದನಾ ಫಲಕಕ್ಕೆ ‘ರ‍್ಯಾಂಕ್’ ಎಂದು ಬರೆಯಬೇಕು. ಟೈಪಿಸಿದಾಗಲೆಲ್ಲ ಅರ್ಕಾವತ್ತು ಹೊತ್ತ ‘ರ್ಯಾಂಕ್’ ಬರುತ್ತದೆ. ಸರಿಯಾಗಿ ತೋರಿಸುವ ಫಾಂಟ್ ಯಾವುದು?
– ಶಿಕ್ಷಕಿ, ತಿಪಟೂರು

ಉತ್ತರ: ಫಾಂಟುಗಳನ್ನು ಬೈಯುವುದು ನನಗೂ ಇಷ್ಟದ ಕೆಲಸ, ಆದರೆ ಈ ವಿಷಯದಲ್ಲಿ ಅವು ನಿರಪರಾಧಿಗಳು. ರಕಾರದ ಬೆನ್ನಿಗೆ ಹಲಂತ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ಅದರ ಬೆನ್ನಿಗೆ ಇನ್ನೊಂದು ವ್ಯಂಜನ ಬಂದರೆ ಅರ್ಕಾವತ್ತು ಮಾಡಬೇಕೆಂಬುದು ಪ್ರತಿ ಲಿಪಿಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ನಿಯಮ. ‘ಸೂರ್ಯ’, ‘ಕಾರ್ಯ’ಗಳಿಗೆ ಅದು ಒಪ್ಪುತ್ತದೆ. ಪದದ ಮೊದಲಲ್ಲೇ ರಕಾರ ಬಂದಾಗ ಮಾತ್ರ ಎಡವಟ್ಟು. ಓದುವವರ ಕಣ್ಣು ಮೊದಲು ‘ಯಾ’ದ ಮೇಲೆ ಬೀಳುತ್ತದೆ, ರಕಾರ ತಡವಾಗಿ ಸಿಗುತ್ತದೆ.

ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಕೂರಿಸಿದರೆ ಸಮಸ್ಯೆ ಮುಗಿಯಿತು. ಅದರ ಹೆಸರು ಝೀರೋ ವಿಡ್ತ್ ಜಾಯ್ನರ್. ವರ್ಡ್‌ನಲ್ಲಿ ‘ರ’ ಬರೆದು, ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿ, 200 ಎಂದು ಒತ್ತಿ, ಅದಕ್ಕೆ ಇಂಗ್ಲಿಷಿನ ಡಿ ಅಂಟಿಸಿ. ಆಮೇಲೆ ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಅದುಮಿ. ಸಂಖ್ಯೆ ಮಾಯವಾಗಿ, ಏನೂ ಆಗಲೇ ಇಲ್ಲ ಅನ್ನಿಸುತ್ತದೆ. ಗಾಬರಿ ಬೇಡ. ಕನ್ನಡಕ್ಕೆ ಮರಳಿ ಹಲಂತ, ಯಕಾರ, ದೀರ್ಘ ಕೊಡಿ. ರಕಾರ ನೆಟ್ಟಗೆ ನಿಂತು ಯಕಾರ ಒತ್ತಾಗಿ ಕೆಳಗಿಳಿಯುತ್ತದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಹಲಂತಕ್ಕೆ ಪ್ರತ್ಯೇಕ ಕೀಲಿ ಇರುವುದರಿಂದ ಇದು ಸಲೀಸು. ಒಮ್ಮೆ ಸಿದ್ಧವಾದ ‘ರ‍್ಯಾ’ವನ್ನು ಆಟೊಕರೆಕ್ಟ್ ಪಟ್ಟಿಗೆ ಸೇರಿಸಿಟ್ಟರೆ ರ‍್ಯಾಲಿಗೂ ಆಯಿತು, ರ‍್ಯಾಗಿಂಗಿಗೂ ಆಯಿತು.

ಇದೇ ರೀತಿ 200ರ ಮುಂದೆ ಡಿ ಬದಲು ಸಿ ಹಾಕಿದರೆ ಸಿಗುವ ನಾನ್ ಜಾಯ್ನರನ್ನು ಹಲಂತದ ನಂತರ ಇಡಬೇಕು. ಅದು ಒತ್ತಕ್ಷರವನ್ನು ತಡೆಯುತ್ತದೆ. ‘ರಾಜ್ಕುಮಾರ್’ ಹೋಗಿ ‘ರಾಜ್‌ಕುಮಾರ್’ ಆಗುವುದು ಅದರ ದಯೆಯಿಂದ.

ಇವೆರಡೂ ಪಠ್ಯದೊಳಗೇ ಉಳಿಯುತ್ತವೆ. ಫಾಂಟ್ ಬದಲಿಸಿ, ಮೊಬೈಲಿಗೆ ಕಳುಹಿಸಿ, ಬರೆದ ರೂಪ ಕೆಡುವುದಿಲ್ಲ. ಕಿರಿಕಿರಿ ಒಂದೇ: ಕೆಲವು ತಂತ್ರಾಂಶಗಳಲ್ಲಿ ಸಂಕೇತವಿಲ್ಲದೆ ಹುಡುಕಿದರೆ ಸಂಕೇತವಿರುವ ಪದ ಸಿಗುವುದಿಲ್ಲ.

ಪ್ರಶ್ನೆ: ಲಗ್ನಪತ್ರಿಕೆಗೆಂದು ಒಂದು ಇಂಗ್ಲಿಷ್ ಫಾಂಟ್ ಕೊಂಡೆ. ಮಾದರಿ ಚಿತ್ರದಲ್ಲಿ ಅಕ್ಷರಗಳಿಗೆ ಉದ್ದನೆಯ ಬಳ್ಳಿಗಳಿವೆ. ನಾನು ಟೈಪಿಸಿದರೆ ಬೋಳು ಅಕ್ಷರಗಳೇ ಬರುತ್ತವೆ. ಮೋಸ ಹೋದೆನೆ?
– ಮುದ್ರಕರು, ಹುಬ್ಬಳ್ಳಿ

ಉತ್ತರ: ಇಲ್ಲ, ಬಳ್ಳಿಗಳು ಒಳಗೇ ಇರಬೇಕು. ಮೈಕ್ರೋಸಾಫ್ಟ್ ಮತ್ತು ಅಡೋಬಿ 1996ರಲ್ಲಿ ಘೋಷಿಸಿದ ಓಪನ್‌ಟೈಪ್ ವ್ಯವಸ್ಥೆಯಲ್ಲಿ ಒಂದೇ ಅಕ್ಷರಕ್ಕೆ ಹಲವು ಆಕಾರಗಳನ್ನು ಇಡಬಹುದು. ಕೇಳದಿದ್ದರೆ ಅವು ಹೊರಗೆ ಬರುವುದಿಲ್ಲ, ಅಷ್ಟೇ. ವಿಂಡೋಸ್ 7ರ ಜೊತೆ ಬಂದ ಗೇಬ್ರಿಯೋಲಾ ಫಾಂಟಿನಲ್ಲಿ ಕೈ ಪಳಗಿಸಿಕೊಳ್ಳಿ. ವರ್ಡ್‌ನಲ್ಲಿ ಹೆಸರನ್ನು ಆಯ್ದು ಕಂಟ್ರೋಲ್–ಡಿ ಒತ್ತಿ, ಅಡ್ವಾನ್ಸ್‌ಡ್ ಪುಟದಲ್ಲಿ ಸ್ಟೈಲಿಸ್ಟಿಕ್ ಸೆಟ್ಸ್ ಎಂಬಲ್ಲಿ ಸಂಖ್ಯೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗಿ. ಆಯ್ಕೆಗಳು ಮಸುಕಾಗಿದ್ದರೆ ಕಡತ ಹಳೆಯ ಡಾಕ್ ರೂಪದಲ್ಲಿದೆ ಎಂದರ್ಥ. ವರ್ಡ್ 2010 ಅಥವಾ ಅನಂತರದ ಆವೃತ್ತಿಯಲ್ಲಿ ಹೊಸ ರೂಪಕ್ಕೆ ಉಳಿಸಿಕೊಳ್ಳಿ. ಈ ಫಾಂಟ್ ಸಾಲುಗಳ ನಡುವೆ ವಿಪರೀತ ಜಾಗ ತಿನ್ನುತ್ತದೆ, ಸಾಲಿನ ಅಂತರವನ್ನು ನೀವೇ ನಿಗದಿಪಡಿಸಿ. ಬಳ್ಳಿ ಹೆಸರಿನ ಮೊದಲ ಅಥವಾ ಕೊನೆಯ ಅಕ್ಷರಕ್ಕಿರಲಿ. ಎಲ್ಲಕ್ಕೂ ಹಬ್ಬಿಸಿದರೆ ವಧು ಯಾರೆಂದು ನೆಂಟರು ಊಹಿಸಬೇಕಾಗುತ್ತದೆ.

ಹಿಂದಿನ ಉತ್ತರದ ಸಂಕೇತಗಳಂತಲ್ಲ ಇದು. ಫಾಂಟ್ ಬದಲಾದ ಕ್ಷಣ ಬಳ್ಳಿಯೂ ಹೋಗುತ್ತದೆ. ಆದ್ದರಿಂದ ಮುದ್ರಣಕ್ಕೆ ಕೊಡುವಾಗ ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ.

ವರನ ಹೆಸರನ್ನು ಕನ್ನಡದಲ್ಲೂ ಹೀಗೆ ಅಲಂಕರಿಸಬೇಕೆಂದಿದ್ದರೆ ಎರಡು ಮಾತು. ಕನ್ನಡ ಫಾಂಟುಗಳಲ್ಲಿ ಇಂಥ ಸೆಟ್‌ಗಳು ವಿರಳ. ನಿಮ್ಮ ಕಡತ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್‌ಗಿಂತ ಹಿಂದಿನ) ರೂಪದಲ್ಲಿದ್ದರಂತೂ ಸಾಧ್ಯವೇ ಇಲ್ಲ. ಅಲ್ಲಿ ‘ಕನ್ನಡ’ ಎಂದು ಬರೆದದ್ದು ಕಂಪ್ಯೂಟರಿನ ಪಾಲಿಗೆ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀರಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ ಇತ್ಯಾದಿ. ಪೌಂಡಿಗೆ ಯಾವ ಬಳ್ಳಿ ಹಬ್ಬಿಸುತ್ತೀರಿ? ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಇನ್‌ಡಿಸೈನ್ ಬಳಸುವವರಾದರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿ, ಇಲ್ಲವಾದರೆ ಒತ್ತುಗಳು ಚದುರುತ್ತವೆ.

ಪ್ರಶ್ನೆ: ಸಂಘದ ಲೆಕ್ಕಪತ್ರದಲ್ಲಿ 3, 4, 5, 7, 9 ಸಾಲಿನಿಂದ ಕೆಳಗೆ ಜಾರಿವೆ. ಪ್ರಿಂಟರ್ ಕೆಟ್ಟಿದೆಯೇ?
– ಖಜಾಂಚಿ, ಉಡುಪಿ

ಉತ್ತರ: ಪ್ರಿಂಟರ್ ಚೆನ್ನಾಗಿದೆ. ನೀವು ಕಾನ್‌ಸ್ಟಾಂಟಿಯಾ, ಕ್ಯಾಂಡರಾ ಅಥವಾ ಕಾರ್ಬೆಲ್ ಬಳಸಿರಬಹುದು. ಅವುಗಳಲ್ಲಿ ಹಳೆಯ ಶೈಲಿಯ ಅಂಕಿಗಳೇ ಮೊದಲು ಬರುತ್ತವೆ. ಮೇಲೆ ಹೇಳಿದ ವರ್ಡ್‌ನ ಅಡ್ವಾನ್ಸ್‌ಡ್ ಪುಟದಲ್ಲೇ ನಂಬರ್ ಫಾರ್ಮ್ಸ್ ಎದುರು ಲೈನಿಂಗ್, ನಂಬರ್ ಸ್ಪೇಸಿಂಗ್ ಎದುರು ಟ್ಯಾಬ್ಯುಲರ್ ಆರಿಸಿ. ಅಂಕಿಗಳು ಒಂದೇ ಎತ್ತರಕ್ಕೆ ಬಂದು ಬಿಡಿ, ಹತ್ತು, ನೂರು ಒಂದರ ಕೆಳಗೊಂದು ಕೂರುತ್ತವೆ. ಹಳೆಯ ಶೈಲಿ ಕಾದಂಬರಿಗೆ ಚೆಂದ, ಲೆಕ್ಕಪತ್ರಕ್ಕೆ ಬೇಡ.

ಪ್ರಶ್ನೆ: ಹಳಗನ್ನಡ ಪಾಠಕ್ಕೆ ೞ ಬೇಕಿತ್ತು. ಕ್ಯಾರೆಕ್ಟರ್ ಮ್ಯಾಪ್‌ನಲ್ಲಿ ಆ ಆಕಾರಕ್ಕೆ ಇಂಗ್ಲಿಷಿನಲ್ಲಿ ‘ಫ’ ಎಂಬ ಹೆಸರಿದೆ. ಇದು ಬೇರೆ ಅಕ್ಷರವೇ?
– ಉಪನ್ಯಾಸಕರು, ಮೈಸೂರು

ಉತ್ತರ: ಅದೇ ಅಕ್ಷರ, ಹೆಸರು ತಪ್ಪು. ಯೂನಿಕೋಡಿನಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ. ಹಾಗಾಗಿ ತಪ್ಪು ಶಾಶ್ವತವಾಗಿ, ಸರಿಯಾದದ್ದು ಅಡ್ಡಹೆಸರಾಗಿ ಸೇರಿದೆ. ನಿಶ್ಚಿಂತೆಯಿಂದ ಬಳಸಿ. ಹಳಗನ್ನಡದ ಸ್ವರರಹಿತ ನಕಾರ, ಅಂದರೆ ನಕಾರ ಪೊಲ್ಲು ೝ ಕೂಡ ಬೇಕಾದರೆ ಮೊದಲು ನಿಮ್ಮ ಫಾಂಟನ್ನು ಪರೀಕ್ಷಿಸಿ. ಅದು ಯೂನಿಕೋಡಿಗೆ ಸೇರಿದ್ದು 2021ರಲ್ಲಿ, ಅದಕ್ಕಿಂತ ಹಳೆಯ ಫಾಂಟುಗಳು ಆ ಜಾಗದಲ್ಲಿ ಖಾಲಿ ಚೌಕ ತೋರಿಸುತ್ತವೆ.